ಸಿಂದಗಿಯಿಂದ ಬಂದ ರಿಪೋರ್ಟು

ಇಂಡಿ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸುಜಾತಾ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಳು. ರಕ್ತ, ಮೂತ್ರ, ಕಫ ಎಂದು ದಿನಕ್ಕೆ ಐವತ್ತು ಅರವತ್ತು ಜನರದನ್ನು ಪರೀಕ್ಷೆ ಮಾಡಿ, ಸಂಜೆ ಐದೂವರೆಯ ಟೆಂಪೊ ಹಿಡಿದು ಊರ ಹೊರಗಿನ ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಅತ್ತೆ ತಿಪ್ಪವ್ವ, ಗಂಡ ಕಾಂತು. ಲಿಂಬೆ, ದ್ರಾಕ್ಷಿ ತೋಟಗಳಿಗೆ ಡ್ರಿಪ್ ಪೈಪು ಕೂಡಿಸುವುದು ಕಾಂತುವಿನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ನಾಲ್ಕೂ ತಾಲ್ಲೂಕು ಬೈಕಿನ ಮೇಲೆ ತಿರುಗುತ್ತಿದ್ದ. ಮದುವೆಯಾಗಿ ನಾಲ್ಕು ವರ್ಷ ಕಳೆದಿದ್ದರೂ ಅವರಿಗೆ ಮಕ್ಕಳಾಗಿರಲಿಲ್ಲ.

ಎರಡು ಸಾವಿರದ ಇಪ್ಪತ್ನಾಲ್ಕರ ಜನವರಿಯ ಒಂದು ಸೋಮವಾರ, ಮಕ್ಕಳಿಲ್ಲವೆಂದು ಬಂದಿದ್ದ ಗಂಡಹೆಂಡತಿಯ ಫೈಲನ್ನು ಸುವರ್ಣಾ ಡಾಕ್ಟರು ಲ್ಯಾಬಿಗೆ ಕಳಿಸಿದರು. ಹೆಂಗಸಿನ ರಕ್ತ ತೆಗೆಯಬೇಕಿತ್ತು. ಹಳೆಯ ಕಾಗದಗಳ ನಡುವೆ ಗಂಡನ ವೀರ್ಯ ಪರೀಕ್ಷೆಯ ಹಾಳೆ ಇತ್ತು. ಸಿಂದಗಿಯ ಒಂದು ಸಣ್ಣ ಲ್ಯಾಬಿನದು. ಮಿಲಿಗೆ ಆರು ಕೋಟಿ ಎಂಬತ್ತು ಲಕ್ಷ ವೀರ್ಯಾಣು, ಓಡಾಡುವವು ನೂರಕ್ಕೆ ಅರವತ್ತೆರಡು, ಒಟ್ಟು ಪ್ರಮಾಣ ಎರಡು ಪಾಯಿಂಟ್ ಎಂಟು ಮಿಲಿ, ಕೆಳಗೆ ಇನ್ನೂ ಮೂರು ಅಂಕಿ.

ಸುಜಾತಾ ಹಾಳೆಯನ್ನು ಇನ್ನೊಮ್ಮೆ ಓದಿದಳು. ಈ ಅಂಕಿಗಳು ಅವಳಿಗೆ ಬಾಯಿಪಾಠವಾಗಿದ್ದವು. ಎರಡು ವರ್ಷದ ಹಿಂದೆ ಕಾಂತು ಅದೇ ಲ್ಯಾಬಿನಿಂದ ತಂದುಕೊಟ್ಟ ರಿಪೋರ್ಟಿನಲ್ಲಿ ಇವೇ ಇದ್ದವು. ಒಂದೆರಡಲ್ಲ, ಮೇಲಿನಿಂದ ಕೆಳಗಿನವರೆಗೆ ಆರಕ್ಕೆ ಆರೂ.

ಈ ಹಾಳೆ ನಂಬುವಂಥದ್ದಲ್ಲ ಎಂದು ಡಾಕ್ಟರಿಗೆ ಹೇಳಿದಳು. ಅವರು ಹಾಳೆ ತಿರುಗಿಸಿ ನೋಡಿ, "ಇವರಿಗೆ ಇಲ್ಲೇ ಇನ್ನೊಮ್ಮೆ ಮಾಡಿಬಿಡು" ಎಂದರಷ್ಟೇ. ತನ್ನ ಮನೆಯ ಮಾತು ಅವಳು ಎತ್ತಲಿಲ್ಲ. ಆದರೆ ದಿನವಿಡೀ ಅದೇ ತಲೆಯಲ್ಲಿತ್ತು. ಆ ಹಾಳೆಯನ್ನು ನಂಬಿ ಅವಳು ಎರಡು ವರ್ಷ ಗುಳಿಗೆ ನುಂಗಿದ್ದಳು, ಸೂಜಿ ಹಾಕಿಸಿಕೊಂಡಿದ್ದಳು. ಗರ್ಭಕೋಶಕ್ಕೆ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆಸಿಕೊಂಡ ದಿನ ಎದ್ದು ನಿಲ್ಲಲಾಗದೆ ಗೋಡೆ ಹಿಡಿದಿದ್ದಳು. ಗಂಡನದು ಸರಿಯಿದೆ, ದೋಷ ತನ್ನಲ್ಲೇ ಇರಬೇಕು ಎಂದು ಅತ್ತೆ ಹೇಳಿದ್ದನ್ನು ಅವಳೂ ಒಪ್ಪಿಕೊಂಡಿದ್ದಳು.

ಆಗ ಅವಳ ಸಿಟ್ಟೆಲ್ಲ ಸಿಂದಗಿಯ ಲ್ಯಾಬಿನ ಮೇಲೆ ಇತ್ತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು.

"ಆ ಲ್ಯಾಬಿನವ್ರು ಟೆಸ್ಟ ಮಾಡದನ ರಿಪೋರ್ಟ ಕೊಡ್ತಾರ ಅನಸ್ತೈತ್ರಿ. ಇವತ್ತ ಇನ್ನೊಬ್ಬರ ಹಾಳಿ ನೋಡಿದೆ. ನಿಮ್ಮದೂ ಅವರದೂ ಒಂದ."

ರೊಟ್ಟಿ ಮುರಿಯುತ್ತಿದ್ದ ಕಾಂತುವಿನ ಕೈ ನಿಂತಿತು. "ಇಬ್ಬರಿಗೆ ಒಂದ ನಂಬರ ಬರಬಾರದೇನು?"

"ಒಂದ ನಂಬರ ಬರಬಹುದ್ರಿ. ಆರೂ ಹೆಂಗ ಬರ್ತಾವ? ನಮ್ಮಲ್ಲೇ ಇನ್ನೊಮ್ಮಿ ಮಾಡಿಸೋಣ."

"ಆಗಿದ್ದ ಆಗೇತಿ. ನಾ ಮತ್ತ ಕೊಡಂಗಿಲ್ಲ."

"ಯಾಕ್ರಿ?"

"ಒಮ್ಮಿ ಹೇಳಿದ್ದ ಸಾಕು."

ಒಲೆಯ ಬಳಿ ಇದ್ದ ತಿಪ್ಪವ್ವ ತಿರುಗಿ, "ಮುಗದ ಮಾತ ಯಾಕ ಕೆದಕ್ತಿ? ನನ್ನ ಮಗಂದು ಸಾಫ್ ಐತಂತ ಕಾಗದದಾಗ ಬರದೈತಿ" ಎಂದಳು. ಕಾಂತು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ.

ಅವನು ಸಿಟ್ಟಿನ ಮನುಷ್ಯನಲ್ಲ. ಲ್ಯಾಬಿನವರು ಮೋಸ ಮಾಡಿದ್ದಾರೆ ಎಂದು ಕೇಳಿದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಸಿಂದಗಿಗೆ ಹೋಗಿ ಜಗಳ ತೆಗೆಯುತ್ತಿದ್ದರು. ಇವನಿಗೆ ಆಶ್ಚರ್ಯವೂ ಆಗಿರಲಿಲ್ಲ. ಅದು ಸುಜಾತಾಳನ್ನು ಕೊರೆಯತೊಡಗಿತು. ಎರಡು ವರ್ಷದ ಹಿಂದೆಯೂ ಅವನು ಅವಳ ಆಸ್ಪತ್ರೆಯಲ್ಲಿ ಪರೀಕ್ಷೆ ಬೇಡವೆಂದಿದ್ದ. ನಿನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ ಎಂದು ಕಾರಣ ಹೇಳಿದ್ದ. ಆಗ ಅದು ಸಹಜವಾಗಿ ಕಂಡಿತ್ತು.

ಈಗ ಎಲ್ಲವೂ ಬೇರೆ ಥರ ಕಾಣಿಸತೊಡಗಿತು. ತಿಂಗಳಿಗೊಂದು ಗುರುವಾರ ಅವನು ಮುಂಜಾನೆಯೇ ಹೊರಟು, ಮುದ್ದೇಬಿಹಾಳದ ಕಡೆ ಕೆಲಸ ಎಂದು ಹೇಳಿ, ಅಂದು ಫೋನ್ ಎತ್ತುತ್ತಿರಲಿಲ್ಲ. ಬುಧವಾರ ಆಸ್ಪತ್ರೆಯಿಂದ ಬರುವಾಗ ಸುಜಾತಾ ಪೈಪಿನ ಅಂಗಡಿಗೆ ಹೋದಳು. ಮಾಲೀಕ ಬಂದಗಿಸಾಬ ಅವಳನ್ನು ಬಲ್ಲವನು.

"ಗುರುವಾರ ಮುದ್ದೇಬಿಹಾಳದಾಗ ಯಾರ ತ್ವಾಟದ ಕೆಲಸ ನಡದೈತ್ರಿ ಚಾಚಾ?" ಎಂದು ಸುಮ್ಮನೆ ಕೇಳಿದಂತೆ ಕೇಳಿದಳು.

"ಮುದ್ದೇಬಿಹಾಳದಾಗ ಆರು ತಿಂಗಳಾತು ಏನೂ ಕೆಲಸ ಇಲ್ಲವಾ. ತಿಂಗಳಿಗೊಂದ ಗುರುವಾರ ಕಾಂತು ರಜಾ ತಗೋತಾನ. ಮನ್ಯಾಗ ಪೂಜಿ ಇರ್ತೈತಿ ಅಂತಾನಲ್ಲ."

ಅವಳು ಹೌದೆಂದು ತಲೆಯಾಡಿಸಿ ಬಂದುಬಿಟ್ಟಳು. ಮನೆಯಲ್ಲಿ ಯಾವ ಪೂಜೆಯೂ ಇರಲಿಲ್ಲ. ಇನ್ನೊಬ್ಬಳು ಇದ್ದಾಳೆ ಎಂದೇ ಆಗ ಅವಳಿಗೆ ಅನಿಸಿತು. ರಾತ್ರಿ ಕಾಂತು ಮೀಯಲು ಹೋದಾಗ ಫೋನ್ ತೆಗೆದು ನೋಡಿದಳು. ಪೈಪಿನ ಫೋಟೊಗಳು, ರೈತರ ನಂಬರುಗಳು, ಬಾಗೇವಾಡಿ ಕೋಡಿನ ಒಂದು ನಂಬರಿಗೆ ತಿಂಗಳಿಗೊಮ್ಮೆ ಹೋದ ಕರೆ. ಹೆಸರಿರಲಿಲ್ಲ. ಆ ನಂಬರನ್ನು ಕೈ ಮೇಲೆ ಬರೆದುಕೊಂಡಳು. ಅವನು ಹೊರಬಂದಾಗ ಅವಳು ಸೆರಗಿನಿಂದ ಕೈ ಮುಚ್ಚಿಕೊಂಡಿದ್ದಳು.

ಆ ನಂಬರಿಗೆ ಫೋನ್ ಮಾಡಲು ಧೈರ್ಯವಾಗಲಿಲ್ಲ. ಮರುದಿನ ರಜೆ ಹಾಕಿ, ರಿಪೋರ್ಟು ಹಿಡಿದು ಸಿಂದಗಿಯ ಬಸ್ಸು ಹತ್ತಿದಳು.

ಲ್ಯಾಬು ಎಂದರೆ ಒಂದೇ ಕೋಣೆ. ನಡೆಸುವವನ ಹೆಸರು ಸಿದ್ದರಾಯ, ಮೂವತ್ತರ ಒಳಗಿನವನು. ಸುಜಾತಾ ಗಂಡನ ರಿಪೋರ್ಟನ್ನು ಮೇಜಿನ ಮೇಲಿಟ್ಟು, "ಈ ಸ್ಯಾಂಪಲ್ ಇಲ್ಲೇ ಕೊಟ್ಟಿದ್ರೋ, ಮನಿಯಿಂದ ತಂದಿದ್ರೋ?" ಎಂದು ಕೇಳಿದಳು.

"ಎರಡು ವರ್ಷದ ಹಿಂದಿಂದು ಯಾರಿಗ್ರಿ ನೆನಪಿರ್ತೈತಿ?"

"ರಜಿಸ್ಟರ ತೋರಸ್ರಿ."

"ಅದನ್ನೆಲ್ಲಾ ಹೊರಗಿನವರಿಗೆ ತೋರಸಂಗಿಲ್ಲರಿ."

"ನಾನೂ ಲ್ಯಾಬಿನಾಕಿನ. ನಿಮ್ಮಲ್ಲೇ ಮಾಡಿಸಿದ ಇನ್ನೊಂದ ಹಾಳಿ ನಮ್ಮ ಡಾಕ್ಟರ ಹಂತ್ಯಾಕ ಐತಿ. ಎರಡೂ ಒಂದ ಅದಾವ. ಅವರು ಮ್ಯಾಲಿನವರಿಗೆ ಬರದ್ರ ಏನ ಆಗ್ತೈತಿ ಅಂತ ನಿಮಗ ಗೊತ್ತೈತಿ."

ಸಿದ್ದರಾಯ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ. "ಅಕ್ಕಾರ, ನಾ ಖರೇ ಹೇಳ್ತೇನಿ. ಅವರು ಸ್ಯಾಂಪಲ್ ಕೊಡಲೇ ಇಲ್ಲ. ಬಂದು ಇಲ್ಲೇ ಕುಂತ್ರು. ನಾರ್ಮಲ್ ಅಂತ ಬರದ ಕೊಡ್ರಿ, ಮನ್ಯಾಗ ಭಾಳ ತ್ರಾಸ ನಡದೈತಿ ಅಂದ್ರು. ಅಳಾಕ ಬಂದಿದ್ರು. ನನಗ ಕೆಟ್ಟ ಅನಸ್ತು, ಬರದ ಕೊಟ್ಟೆ."

"ಇನ್ನೊಬ್ಬರಿಗೂ ಹಂಗ ಕೆಟ್ಟ ಅನಸ್ತೇನು?"

ಅವನು ರಿಪೋರ್ಟನ್ನು ಮಡಚಿ ಅವಳ ಕಡೆ ಸರಿಸಿದ.

ಹೊರಗೆ ಬಂದ ಸುಜಾತಾ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು. ಸುಳ್ಳು ರಿಪೋರ್ಟು ಕೇಳಿ ಪಡೆಯುವವನಿಗೆ ನಿಜ ಮೊದಲೇ ಗೊತ್ತಿರಬೇಕು. ಕಾಂತುವಿಗೆ ಅದು ಗೊತ್ತಿತ್ತು. ಅವಳು ಒಂದೊಂದು ಸೂಜಿ ಹಾಕಿಸಿಕೊಂಡಾಗಲೂ ಗೊತ್ತಿತ್ತು.

ಅವನು ಆ ವಾರ ಕನ್ನೊಳ್ಳಿಯ ಒಂದು ಲಿಂಬೆ ತೋಟದಲ್ಲಿ ಕೆಲಸ ಮಾಡುತ್ತಿದ್ದ. ಸಿಂದಗಿಯಿಂದ ದೂರವಿಲ್ಲ. ಅವಳು ಮನೆಗೆ ಹೋಗದೆ ನೇರ ಅಲ್ಲಿಗೇ ಟೆಂಪೊ ಹಿಡಿದಳು. ಮಧ್ಯಾಹ್ನದ ಬಿಸಿಲು. ಕೂಲಿಯವರು ಊಟಕ್ಕೆ ಹೋಗಿದ್ದರು. ಕಾಂತು ಒಬ್ಬನೇ ಗಿಡದ ಬುಡದಲ್ಲಿ ಕೂತು ಪೈಪಿಗೆ ತೂತು ಹಾಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಏನಾತು? ಅವ್ವಗ ಆರಾಮಿಲ್ಲೇನು?"

"ಸಿಂದಗಿಗೆ ಹೋಗಿದ್ದೆ. ಸಿದ್ದರಾಯನ್ನ ನೋಡಿ ಬಂದೆ."

ಕಾಂತು ಪೈಪಿನ ಸುರುಳಿಯ ಮೇಲೆ ಕೂತುಬಿಟ್ಟ.

"ಎಷ್ಟ ದಿನದಿಂದ ಗೊತ್ತೈತಿ ನಿಮಗ?" ಎಂದಳು.

"ಎರಡೂವರಿ ವರ್ಷ ಆತು."

ಆಮೇಲೆ ಅವನೇ ಹೇಳಿದ. ಇಪ್ಪತ್ತೊಂದರ ಮೇ ತಿಂಗಳಲ್ಲಿ ಅವನಿಗೆ ಕೊರೊನಾ ಬಂದು ಹದಿನಾಲ್ಕು ದಿನ ವಿಜಯಪುರದ ಆಸ್ಪತ್ರೆಯಲ್ಲಿದ್ದ. ಆರು ದಿನ ಆಕ್ಸಿಜನ್ ಹಚ್ಚಿದ್ದರು. ಅದು ಸುಜಾತಾಳಿಗೂ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಏನೆಂದರೆ, ಈ ರೋಗ ಬಂದ ಗಂಡಸರಿಗೆ ಮಕ್ಕಳಾಗುವುದಿಲ್ಲ ಎಂಬ ವಿಡಿಯೊವನ್ನು ವಾರ್ಡಿನಲ್ಲಿ ಯಾರೋ ಮತ್ತೆ ಮತ್ತೆ ಹಚ್ಚುತ್ತಿದ್ದರು. ಮನೆಗೆ ಬಂದ ಮೇಲೆ ಮೈಯಲ್ಲಿ ಕಸುವಿರಲಿಲ್ಲ, ಹೆಂಡತಿಯ ಬಳಿ ಹೋಗಲು ಮನಸ್ಸೂ ಇರಲಿಲ್ಲ. ಹೆದರಿಕೆ ಹುಟ್ಟಿತು. ಗುರುತಿನವರು ಯಾರೂ ಇಲ್ಲವೆಂದು ಮುದ್ದೇಬಿಹಾಳಕ್ಕೆ ಹೋಗಿ ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ. ಅಲ್ಲಿಯವನು ಹಾಳೆ ಕೊಡುತ್ತ, "ಏನೂ ಇಲ್ಲರಿ ಇದರಾಗ, ಇದ್ದವೂ ಸತ್ತಾವ" ಎಂದು ಹೇಳಿ ಮುಂದಿನವರನ್ನು ಕರೆದಿದ್ದ.

"ಅವತ್ತಿಂದ ಯಾರ ಮುಂದೂ ಹೇಳಿಲ್ಲ, ನಿನ್ನ ಹಂತ್ಯಾಕ ಬರೂದೂ ಕಡಿಮಿ ಮಾಡಿದೆ. ಯಾರಿಗೆ ಹೇಳ್ಲಿ ನಾ?"

"ನನಗ ಹೇಳಬೇಕಿತ್ತು."

ಅವನು ಕೈಯಲ್ಲಿದ್ದ ಪೈಪಿನ ತುಂಡನ್ನು ಕೆಳಗಿಟ್ಟ.

"ನನಗ ಬಣ್ಣದ ಔಷಧ ಬಿಟ್ಟ ದಿನ ನೀವು ಹೊರಗ ಬೆಂಚಿನ ಮ್ಯಾಲೆ ಕುಂತಿದ್ರಿ."

"ಹೌದು."

"ಗೊತ್ತಿದ್ದೂ ಕುಂತಿದ್ರಿ."

"ಹೌದು."

"ಮತ್ತ ಗುರುವಾರ ಎಲ್ಲಿ ಹೋಗ್ತೀರಿ?"

"ಬಾಗೇವಾಡಿ ಕಡೆ ಒಬ್ಬರು ಇದಕ್ಕ ನಾಟಿ ಔಷಧದ ಪುಡಿ ಕೊಡ್ತಾರ. ಹಾಲಿನಾಗ ಹಾಕ್ಕೊಂಡ ಕುಡಿಯೂದು. ಎರಡು ವರ್ಷ ಕುಡದೇನಿ."

ಇನ್ನೊಬ್ಬಳಿಲ್ಲ ಎಂದು ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇನ್ನೊಬ್ಬಳಿದ್ದಿದ್ದರೆ ಅವಳ ಮೇಲೆ ಸಿಟ್ಟು ಮಾಡಬಹುದಿತ್ತು ಎನಿಸಿತು.

ಮುದ್ದೇಬಿಹಾಳದ ಹಾಳೆ ಎಲ್ಲಿದೆ ಎಂದು ಕೇಳಿದಳು. ಕಾಂತು ಬೈಕಿನ ಡಬ್ಬಿಯ ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದುಕೊಟ್ಟ. ಮಡಿಕೆಗಳಲ್ಲಿ ಹರಿದಿತ್ತು. ಮಿಲಿಗೆ ಮೂರು ಲಕ್ಷ. ಒಂದೂವರೆ ಕೋಟಿಗಿಂತ ಹೆಚ್ಚು ಇರಬೇಕಾದ ಕಡೆ ಮೂರೇ ಲಕ್ಷ. ಸುಜಾತಾ ತಾರೀಖು ನೋಡಿದಳು. ಜೂನ್ ಎಂಟು.

"ಆಸ್ಪತ್ರಿಯಿಂದ ನೀವು ಮನಿಗೆ ಬಂದದ್ದು ಮೇ ಹದಿನೇಳು, ಅಲ್ಲೇನ್ರಿ?"

"ಹೌದು. ಯಾಕ?"

ಇಪ್ಪತ್ತೆರಡು ದಿನ. ಜೋರು ಜ್ವರ ಬಂದು ಹೋದವರನ್ನು ಅವಳ ಲ್ಯಾಬಿನಲ್ಲಿ ಮೂರು ತಿಂಗಳು ಬಿಟ್ಟು ಬನ್ನಿ ಎಂದು ವಾಪಸ್ಸು ಕಳಿಸುತ್ತಿದ್ದರು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು; ಜ್ವರದಲ್ಲಿ ಕೆಟ್ಟವು ಹೋಗಿ ಹೊಸವು ಬರುವವರೆಗೆ ಯಾವ ಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ಕೆಲವರಿಗೆ ಇನ್ನೂ ತಡವಾಗುತ್ತದೆ, ಆದರೆ ಹೆಚ್ಚಿನವರಿಗೆ ಮತ್ತೆ ಸರಿಹೋಗುತ್ತದೆ. ಲ್ಯಾಬಿನಾಕೆಯನ್ನೇ ಮದುವೆಯಾದವನು ಈ ಒಂದು ಮಾತನ್ನು ಮನೆಯಲ್ಲಿ ಕೇಳಿದ್ದರೆ ಅಂದೇ ತಿಳಿಯುತ್ತಿತ್ತು.

ಅದನ್ನು ಅವನಿಗೆ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅವನು ಇನ್ನೂ ನಾಲ್ಕು ದಿನ ಹಾಗೇ ಇರಲಿ ಎನಿಸಿತು.

"ಸೋಮವಾರ ಮುಂಜಾನೆ ನನ್ನ ಜೋಡಿ ಆಸ್ಪತ್ರಿಗೆ ಬರ್ರಿ. ಬರದಿದ್ರ ನಾ ಮನಿಯಾಗ ಇರಂಗಿಲ್ಲ" ಎಂದು ಹೇಳಿ ತಿರುಗಿ ನಡೆದಳು.

ಸೋಮವಾರ ಕಾಂತು ಬಂದ. ನರ್ಸ್ ಗೌಸಬಿ ಅವನಿಗೆ ಡಬ್ಬಿ ಕೊಟ್ಟು ಕೋಣೆ ತೋರಿಸಿದಳು. ಯಾರೂ ನಗಲಿಲ್ಲ. ಸುಜಾತಾ ಡಬ್ಬಿಯ ಮೇಲೆ ಅವನ ಕೈಯಿಂದಲೇ ಹೆಸರು, ಹೊತ್ತು ಬರೆಸಿದಳು. ಅರ್ಧ ತಾಸು ಕಾದು, ಎಣಿಕೆಯ ಗಾಜಿನ ಮೇಲೆ ಹನಿ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಏನೂ ಕಾಣದಿದ್ದರೆ ಎಂಬ ಹೆದರಿಕೆ ಆ ಕ್ಷಣದಲ್ಲಿ ಅವಳಿಗೂ ಬಂತು.

ಕಂಡವು. ಎರಡು ಸಲ ಎಣಿಸಿದಳು. ಮಿಲಿಗೆ ಎರಡು ಕೋಟಿ ಹತ್ತು ಲಕ್ಷ, ಓಡಾಡುವವು ನೂರಕ್ಕೆ ನಲವತ್ನಾಲ್ಕು. ಭಾರಿ ಹೆಚ್ಚೇನಲ್ಲ, ಆದರೆ ಸಾಕಷ್ಟು. ಸುವರ್ಣಾ ಡಾಕ್ಟರು ತಾವೂ ಒಮ್ಮೆ ಕಣ್ಣಿಟ್ಟು ನೋಡಿ ಸಹಿ ಹಾಕಿದರು.

ಕಾಂತು ಹಾಳೆ ಹಿಡಿದು ಎರಡು ಸಲ ಓದಿದ. ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಇದನ್ನ ನೀನ ಬರದಿ ಏನು?" ಎಂದು ಮೆಲ್ಲಗೆ ಕೇಳಿದ.

"ಹಂಗಂದ್ರ?"

"ನನ್ನ ಮ್ಯಾಲಿನ ಕನಿಕರಕ್ಕ. ಆ ಸಿದ್ದರಾಯ ಬರದಂಗ."

ಸುಜಾತಾ ಅವನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. "ನೋಡ್ರಿ."

ಅವನು ಬಗ್ಗಿ ಕಣ್ಣಿಟ್ಟ. "ಮಸಕ ಐತಿ."

ಅವಳು ಸ್ಕ್ರೂ ತಿರುಗಿಸಿದಳು. "ಈಗ?"

ಅವನು ಕಣ್ಣನ್ನು ಇನ್ನೂ ಹತ್ತಿರ ಒತ್ತಿದ. "ಓಡಾಡಾಕತ್ತಾವ."

"ಇವು ನಿಮ್ಮವ."

"ನನ್ನವ ಅಂತ ಹೆಂಗ ನಂಬ್ಲಿ?"

ಬಾಗಿಲಲ್ಲಿ ನಿಂತಿದ್ದ ಗೌಸಬಿ ಹೇಳಿದಳು. "ಅಣ್ಣಾರ, ಮುಂಜಾನಿಂದ ಈ ಟೆಸ್ಟಿಗೆ ಬಂದದ್ದು ನಿಮ್ಮದೊಂದ ಡಬ್ಬಿ. ಬ್ಯಾರೆದವರದು ಎಲ್ಲಿಂದ ತರೂಣ್ರಿ?"

ಕಾಂತು ಡಬ್ಬಿ ತೆಗೆದು ತನ್ನ ಕೈಬರಹ ನೋಡಿದ. ಮತ್ತೆ ಬಗ್ಗಿ ನೋಡಿದ. ಆಗ ಸುಜಾತಾ ಇಪ್ಪತ್ತೆರಡು ದಿನದ ಲೆಕ್ಕ ಹೇಳಿದಳು. ಅವನು ಕೇಳುತ್ತ ಕೇಳುತ್ತ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ.

"ಹಂಗಾರ ಮುದ್ದೇಬಿಹಾಳದ ಚೀಟಿ ಸುಳ್ಳೇನು?"

"ಅದು ಖರೇನ. ಅವತ್ತಿನ ಮಟ್ಟಿಗೆ ಖರೇ. ಸುಳ್ಳ ಚೀಟಿ ನೀವು ತಂದದ್ದು."

ಅಂದು ಸಂಜೆಯೇ ಅವಳು ಬಟ್ಟೆ ತುಂಬಿಕೊಂಡು ಮನಗೂಳಿಯ ತವರಿಗೆ ಹೋದಳು. ತಾಯಿ ರೇಣವ್ವ ಎಲ್ಲ ಕೇಳಿ, ಅಳಿಯನನ್ನು ಬೈಯಲೂ ಇಲ್ಲ, ಮಗಳಿಗೆ ಹೊಂದಿಕೊಂಡು ಹೋಗು ಎನ್ನಲೂ ಇಲ್ಲ. "ಹದಿನೈದ ದಿನ ನಿದ್ದಿ ಮಾಡು" ಎಂದಳು.

ಇತ್ತ ಕಾಂತು ತಾಯಿಗೆ ಎಲ್ಲವನ್ನೂ ಹೇಳಿದ. ತಿಪ್ಪವ್ವ ಮೊದಲು ನಂಬಲಿಲ್ಲ. "ಅಕಿ ಲ್ಯಾಬಿನಾಕಿ. ತನಗ ಬೇಕಾದಂಗ ಬರಕೊಂಡಿರ್ತಾಳ. ನಿನ್ನ ತೆಲಿ ಕೆಡಿಸ್ಯಾಳ."

"ಅಕಿ ಕೆಡಿಸಿಲ್ಲವ್ವಾ. ಸುಳ್ಳ ಬರಿಸಿದಾಂವ ನಾನು. ಅಕಿ ಎರಡು ವರ್ಷ ಸೂಜಿ ತಗೊಂಡಿದ್ದು ನನ್ನ ಸಲುವಾಗಿ."

ತಿಪ್ಪವ್ವ ಎರಡು ದಿನ ಮಗನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಒಬ್ಬಳೇ ಮನಗೂಳಿಯ ಬಸ್ಸು ಹತ್ತಿ ಬಂದಳು. ಬೀಗರ ಮನೆಯ ಪಡಸಾಲೆಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, "ಮನ್ಯಾಗಿನ ಗುಳಿಗಿ, ಪುಡಿ ಎಲ್ಲಾ ಚೆಲ್ಲೇನಿ. ನಡಿ ಸುಜಾತಾ" ಎಂದಳು. ತಪ್ಪಾಯಿತು ಎನ್ನುವ ಮಾತು ಅವಳ ಬಾಯಿಂದ ಬರಲಿಲ್ಲ, ಆದರೆ ಹೇಳುವಾಗ ಸೊಸೆಯ ಮುಖ ನೋಡಲಾಗದೆ ಚಹಾದ ಬಟ್ಟಲನ್ನು ತಿರುಗಿಸುತ್ತಿದ್ದಳು.

"ಬರ್ತೇನತ್ತಿ. ಇವತ್ತಲ್ಲ" ಎಂದಳು ಸುಜಾತಾ.

ಹದಿನೈದು ದಿನ ಮುಗಿದ ಮೇಲೆ ಬಂದಳು. ಸುವರ್ಣಾ ಡಾಕ್ಟರು ಎಲ್ಲ ಔಷಧ ನಿಲ್ಲಿಸಿದರು. ಮನೆಯಲ್ಲಿ ಜಗಳವಿರಲಿಲ್ಲ, ಆದರೆ ಮೊದಲಿನ ಸಲೀಸೂ ಇರಲಿಲ್ಲ. ಕಾಂತು ಸಿಂದಗಿಯಲ್ಲಿದ್ದೇನೆ ಎಂದರೆ ಅವಳು ಬಂದಗಿಸಾಬನಿಗೆ ಬೇರೇನೋ ನೆಪದಲ್ಲಿ ಫೋನ್ ಮಾಡಿ ನಿಜವೇ ಎಂದು ತಿಳಿದುಕೊಳ್ಳುತ್ತಿದ್ದಳು. ಮಾಡಿದ ಮೇಲೆ ನಾಚಿಕೆಯಾಗುತ್ತಿತ್ತು. ಮುಂದಿನ ವಾರ ಮತ್ತೆ ಮಾಡುತ್ತಿದ್ದಳು. ಅದು ಕಾಂತುವಿಗೆ ಗೊತ್ತಾಯಿತು. ಎಲ್ಲಿ ಹೋದರೂ ಅಲ್ಲಿನ ತೋಟದ ಒಂದು ಫೋಟೊ ತಾನೇ ಕಳಿಸತೊಡಗಿದ. ಮೊದಮೊದಲು ಅವಳು ಫೋಟೊದ ಹಿಂದೆ ಕಾಣುವ ಬೋರ್ಡು, ಗುಡ್ಡಗಳನ್ನು ಹಿಗ್ಗಿಸಿ ನೋಡುತ್ತಿದ್ದಳು. ಮಳೆಗಾಲದ ಹೊತ್ತಿಗೆ ನೋಡುವುದನ್ನು ಬಿಟ್ಟಿದ್ದಳು. ಯಾವತ್ತು ಬಿಟ್ಟಳೆಂದು ಅವಳಿಗೇ ನೆನಪಿಲ್ಲ.

ಸೆಪ್ಟೆಂಬರಿನಲ್ಲಿ ಅವಳಿಗೆ ಮುಟ್ಟು ನಿಂತಿತು.

ಜನವರಿಯ ಒಂದು ಮುಂಜಾನೆ, ಅವಳಿಗೆ ಐದನೆಯ ತಿಂಗಳು ನಡೆದಿದ್ದಾಗ, ಕಾಂತು ಒಬ್ಬ ಮನುಷ್ಯನನ್ನು ಲ್ಯಾಬಿಗೆ ಕರೆದುಕೊಂಡು ಬಂದ. ಹೆಸರು ಪರಸಪ್ಪ, ತೋಟಗಳಿಗೆ ಪೈಪು ಸಾಗಿಸುವ ಮುದ್ದೇಬಿಹಾಳದ ಕಡೆಯ ಟೆಂಪೊ ಡ್ರೈವರು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಹೆಂಡತಿಯನ್ನು ಎಲ್ಲ ಕಡೆ ತೋರಿಸಿದ್ದ, ತಾನು ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ.

"ಇತ್ತಿತ್ತಲಾಗ ಜ್ವರ ಬಂದಿತ್ತೇನ್ರಿ?" ಎಂದು ಸುಜಾತಾ ಕೇಳಿದಳು.

"ಹತ್ತ ದಿನದ ಹಿಂದ ಬಂದಿತ್ರಿ. ಮೂರು ದಿನ ಮಲಗಿದ್ದೆ."

"ಹಂಗಾರ ಇವತ್ತ ಬ್ಯಾಡ. ಮೂರು ತಿಂಗಳ ಬಿಟ್ಟ ಬರ್ರಿ."

ಪರಸಪ್ಪನ ಮುಖ ಇಳಿಯಿತು. ಕಾಂತುವಿನ ಕಡೆ ತಿರುಗಿ, "ಏನೋ ಮುಚ್ಚಾಕತ್ತಾರಣ್ಣಾ ಇವರು. ನನ್ನ ಮುಖ ನೋಡೇ ಗೊತ್ತಾಗೇತಿ" ಎಂದ.

"ಏನೂ ಮುಚ್ಚಿಲ್ಲ. ಬಾ, ಹೊರಗ ಕೂಡೂಣು."

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಸುಜಾತಾ ಗಾಜಿನ ಕಿಟಕಿಯಿಂದ ನೋಡಿದಳು. ಕಾಂತು ಬೆರಳು ಮಡಚುತ್ತ ದಿನಗಳನ್ನು ಎಣಿಸಿ ತೋರಿಸುತ್ತಿದ್ದ. ಪರಸಪ್ಪ ತಲೆ ಎತ್ತದೆ ಕೇಳುತ್ತಿದ್ದ. ಕಾಂತು ಹೇಳುತ್ತಿರುವುದು ತನ್ನ ಕಥೆಯೆಂದೋ, ಬೇರೆ ಯಾರೋ ಗೆಳೆಯನದೆಂದೋ ಅವಳಿಗೆ ಕೇಳಿಸಲಿಲ್ಲ. ಬೇರೆಯವರದೆಂದೇ ಹೇಳುತ್ತಿರಬೇಕು ಎನಿಸಿತು. ಎದ್ದು ಹೋಗಿ ಬಾಗಿಲನ್ನು ಸ್ವಲ್ಪ ತೆರೆದಳು.

"ಯಾರ ಕಥಿನೂ ಅಲ್ಲ ತಮ್ಮಾ, ನಂದ ಹೇಳಾಕತ್ತೇನಿ" ಎನ್ನುತ್ತಿದ್ದ ಕಾಂತು. "ಹೆಂಡ್ತಿಗೆ ಸುಳ್ಳ ಕಾಗದ ತಂದು ಕೊಟ್ಟಿದ್ದೆ."

ಸುಜಾತಾ ಬಾಗಿಲು ಮುಂದೆ ಮಾಡಿ, ಮೇಜಿಗೆ ವಾಪಸ್ಸು ಬಂದು, ಮುಂದಿನವರ ಹೆಸರು ಕರೆದಳು.